ಮಾಡದ ಪ್ರಯೋಗಗಳು

ನನ್ನ ಮಾವ ಮೂಲದಲ್ಲಿ ಗಣಿತದ ಮೇಷ್ಟ್ರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ವರ್ಷ ನಡೆದದ್ದನ್ನು ಕೇಳಿದವರೆಲ್ಲ ಅವರನ್ನು ಮೋಸಗಾರ ಅಂದರು. ಅವರನ್ನು ಕೆಮಿಸ್ಟ್ರಿಗೆ ತಂದು ಕೂರಿಸಿದವರು ಯಾರು ಅಂತ ಯಾರೂ ಕೇಳಲಿಲ್ಲ.

ಅದಕ್ಕೂ ಹನ್ನೊಂದು ವರ್ಷ ಹಿಂದೆ ನಮ್ಮ ಶಾಲೆಯ ಕೆಮಿಸ್ಟ್ರಿ ಟೀಚರ್ ಕೆಲಸ ಬಿಟ್ಟು ಕೆನಡಾಕ್ಕೆ ಹೋದರು. ಪ್ರಿನ್ಸಿಪಾಲರು ಮಾವನನ್ನು ಕರೆದು, "ಒಂದು ಟರ್ಮ್ ಮಟ್ಟಿಗೆ ನೋಡ್ಕೊಳ್ಳಿ ಮಿಸ್ಟರ್ ಮಾಕ್ಸಮ್, ಅಷ್ಟರಲ್ಲಿ ಬೇರೆ ಯಾರಾದ್ರೂ ಸಿಗ್ತಾರೆ" ಅಂದರಂತೆ. ಸೇಂಟ್ ಎಲಿಜಬೆತ್‌ನ ಈ ಕೆಂಪು ಮಣ್ಣಿನ ಗುಡ್ಡ ಹತ್ತಿ ಬರುವ ಕೆಮಿಸ್ಟ್ರಿ ಮೇಷ್ಟ್ರು ಜಮೈಕಾದಲ್ಲಿ ಯಾರೂ ಸಿಗಲಿಲ್ಲ. ಮಾವ ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು ಕಲಿಸುತ್ತಾ ಹೋದರು. ಲ್ಯಾಬ್ ಕೆಲಸವೆಲ್ಲ ಸಹಾಯಕ ಮಿಸ್ಟರ್ ಬೆಂಟ್ ಅವರದು. ಅವರು ಹಿಂದೆ ಅಲ್ಯುಮಿನಾ ಕಾರ್ಖಾನೆಯ ಲ್ಯಾಬಿನಲ್ಲಿದ್ದವರು. ಗಾಜಿನ ಸಾಮಾನು ಜೋಡಿಸುವುದು, ದ್ರಾವಣ ಬೆರೆಸುವುದು, ದೊಡ್ಡ ತರಗತಿಯ ಮಕ್ಕಳ ಕೈ ಹಿಡಿದು ತೋರಿಸುವುದು ಎಲ್ಲ ಅವರೇ. ಮಾವ ಕಪ್ಪು ಹಲಗೆಯ ಹತ್ತಿರ ನಿಂತು ಲೆಕ್ಕ ಬಿಡಿಸುತ್ತಿದ್ದರು. ಇಬ್ಬರೂ ಸೇರಿ ಒಬ್ಬ ಒಳ್ಳೆಯ ಮೇಷ್ಟ್ರಾಗಿದ್ದರು ಅನ್ನಬೇಕು.

ಆಮೇಲೆ, ನಾವು ಹನ್ನೆರಡನೇ ತರಗತಿ ಸೇರುವ ಹೊತ್ತಿಗೆ, ಚಂಡಮಾರುತ ಬಂತು. ಲ್ಯಾಬಿನ ಚಾವಣಿ ಎದ್ದುಹೋಗಿ ಚರ್ಚಿನ ಅಂಗಳದಲ್ಲಿ ಬಿತ್ತು, ಒಳಗಿದ್ದ ಗಾಜಿನ ಸಾಮಾನೆಲ್ಲ ಪುಡಿಯಾಯಿತು. ಎರಡು ತಿಂಗಳಲ್ಲಿ ಮಿಸ್ಟರ್ ಬೆಂಟ್ ಮಗಳಿದ್ದ ಟೊರಾಂಟೊಗೆ ಹೊರಟುಹೋದರು. ಲ್ಯಾಬಿಗೆ ಹೊಸ ತಗಡು ಹೊದಿಸಿದರು, ಗೋಡೆಗೆ ಬಣ್ಣ ಬಳಿದರು, ಮಂತ್ರಿಗಳು ಬಂದು ಫೋಟೋ ತೆಗೆಸಿಕೊಂಡರು. ಬೀರುಗಳೊಳಗೆ ಮಾತ್ರ ಏನೂ ಬರಲಿಲ್ಲ.

ನಮ್ಮ ಮನೆಯ ಚಾವಣಿಯೂ ಅದೇ ಗಾಳಿಗೆ ಹೋಯಿತು. ಅಮ್ಮ ಕೇಮನ್ ದ್ವೀಪದ ಹೋಟೆಲಿನಲ್ಲಿ ಕೆಲಸಕ್ಕಿದ್ದಳು. ಹಾಗಾಗಿ ನಾನು ಬಟ್ಟೆ, ಪುಸ್ತಕ ಎತ್ತಿಕೊಂಡು ಅಮ್ಮನ ಅಣ್ಣನಾದ ಈ ಮಾವನ ಮನೆ ಸೇರಿದೆ. ಅಲ್ಲಿ ಅವರು ಅಂಕಲ್ ರಾಯ್, ಶಾಲೆಯಲ್ಲಿ ಸರ್. ಬೆಳಿಗ್ಗೆ ಅವರ ಕಾರಿನಲ್ಲಿ ಶಾಲೆಗೆ, ದಿನಕ್ಕೆರಡು ಗಂಟೆ ಅವರ ತರಗತಿ, ಸಂಜೆ ಅವರ ಕಾರಿನಲ್ಲೇ ಮನೆಗೆ. ಊಟ ಅವರ ಎದುರಿಗೆ, ಭಾನುವಾರ ಚರ್ಚಿನಲ್ಲಿ ಅವರ ಪಕ್ಕದ ಜಾಗ. ಅವರು ಒಳ್ಳೆಯವರು. ಮಾಗಿದ ಬಾಳೆಹಣ್ಣು ಹುರಿದರೆ ದೊಡ್ಡ ಹೋಳು ನನ್ನ ತಟ್ಟೆಗೇ ಬೀಳುತ್ತಿತ್ತು. ಅದು ಬೀಳುತ್ತಿದ್ದುದರಿಂದಲೇ ಮುಂದೆ ಎಲ್ಲವೂ ಕಷ್ಟವಾಯಿತು.

ನಮ್ಮಲ್ಲಿ ಶಾಲೆಯ ಕೊನೆಯದಾದ ಹದಿಮೂರನೇ ತರಗತಿಯಲ್ಲಿ ಕೆಮಿಸ್ಟ್ರಿ ತೆಗೆದುಕೊಂಡವರು ಐದೇ ಜನ. ಎರಡು ವರ್ಷದಲ್ಲಿ ಹದಿನೆಂಟು ಪ್ರಯೋಗ ಮಾಡಿ ರೆಕಾರ್ಡ್ ಪುಸ್ತಕದಲ್ಲಿ ಬರೆಯಬೇಕು. ಒಟ್ಟು ಅಂಕದಲ್ಲಿ ಐದನೇ ಒಂದು ಪಾಲು ಅದಕ್ಕೇ. ನಾವು ಬರೆದೆವು. ಮಾವ ಹಲಗೆಯ ಮೇಲೆ ಮಾಡದ ಪ್ರಯೋಗದ ಅಳತೆ 24.60, 24.55, 24.60 ಎಂದು ಬರೆದು, ನಮ್ಮ ಕಡೆ ತಿರುಗದೆಯೇ ಹೇಳುತ್ತಿದ್ದರು: "ಎಲ್ಲರೂ ಒಂದೇ ಥರ ಬರೀಬೇಡಿ. ಕೊನೇ ಅಂಕಿ ಸ್ವಲ್ಪ ಆಚೀಚೆ ಇರಲಿ."

"ಸರ್, ನಾನು ನನ್ನ ಪುಟದ ಮೇಲೆ ಒಂದು ಆಸಿಡ್ ಕಲೆನೂ ಹಾಕಿದೀನಿ" ಅಂದ ಒಶೇನ್. ನಮ್ಮಲ್ಲಿ ಬಾಯಿ ಮುಚ್ಚದವನು ಅವನೊಬ್ಬನೇ.

"ಆಸಿಡ್ ಎಲ್ಲಿಂದ ಬಂತೋ?"

"ನಿಂಬೆಹಣ್ಣಿನ ಶರಬತ್ತು ಸರ್."

ನಾವು ನಕ್ಕೆವು. ಮಾವನೂ ನಕ್ಕರು. ಆಗ ಅದು ಅಷ್ಟು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಸಾಮಾನು ಬಂದ ಕೂಡಲೇ ಎಲ್ಲವನ್ನೂ ಮಾಡಿಬಿಡೋಣ ಎಂದು ಅವರು ಪ್ರತಿ ತಿಂಗಳೂ ಹೇಳುತ್ತಿದ್ದರು, ಪ್ರತಿ ತಿಂಗಳೂ ಇಲಾಖೆಗೆ ಪತ್ರ ಬರೆಯುತ್ತಿದ್ದರು. ಪತ್ರದ ನಕಲುಗಳನ್ನು ನಾನೇ ಫೈಲಿಗೆ ಹಾಕಿದ್ದೇನೆ.

ಮಾರ್ಚ್ ಕೊನೆಯಲ್ಲಿ ಪರೀಕ್ಷಾ ಮಂಡಳಿಯಿಂದ ಕಾಗದ ಬಂತು. ಈಸ್ಟರ್ ರಜೆ ಮುಗಿದ ಮೊದಲ ಸೋಮವಾರ ಮಿಸಸ್ ಎಲಿಸ್ಟನ್ ಎಂಬುವರು ಕಿಂಗ್‌ಸ್ಟನ್‌ನಿಂದ ಬರುತ್ತಾರೆ, ರೆಕಾರ್ಡ್ ನೋಡುತ್ತಾರೆ, ವಿದ್ಯಾರ್ಥಿಗಳಿಂದ ಒಂದು ಪ್ರಯೋಗ ಎದುರಿಗೇ ಮಾಡಿಸುತ್ತಾರೆ. ಅಂದು ಸಂಜೆ ಮಾವ ಕಾರನ್ನು ಶಾಲೆಯ ಗೇಟು ದಾಟಿಸಿದರು. ಆಮೇಲೆ ಹೇಳಿದರು:

"ನಟೋಯಾ, ಅವರು ಕೇಳಿದ್ರೆ ಮಾಡಿದ್ವಿ ಅನ್ನು. ಸಾಮಾನು ಪಕ್ಕದ ಶಾಲೆಯಿಂದ ತಂದಿದ್ವಿ, ವಾಪಸ್ ಕೊಟ್ವಿ. ಅಷ್ಟೇ."

"ಮಾಡಿ ತೋರಿಸು ಅಂದ್ರೆ, ಅಂಕಲ್ ರಾಯ್?"

"ಕಲಿಸ್ತೀನಿ."

ಹೇಗೆ ಕಲಿಸಿದರು ಅಂದರೆ, ಹಲಗೆಯ ಮೇಲೆ ಆಳೆತ್ತರದ ಬ್ಯೂರೆಟ್ ಬರೆದರು, ಅಳತೆಯ ಗೆರೆಗಳಿರುವ ಗಾಜಿನ ಕೊಳವೆ, ಕೆಳಗೆ ನಲ್ಲಿ. ನಾವು ಅದರ ಮುಂದೆ ಸಾಲಾಗಿ ನಿಂತು ಗಾಳಿಯಲ್ಲಿ ನಲ್ಲಿ ತಿರುಗಿಸಿದೆವು. ಎಡಗೈ ನಲ್ಲಿಯ ಮೇಲೆ, ಬಲಗೈಯಲ್ಲಿ ಇಲ್ಲದ ಫ್ಲಾಸ್ಕ್. "ಅಲ್ಲಾಡಿಸು, ಅಲ್ಲಾಡಿಸು, ಈಗ ಹನಿ ಹನಿಯಾಗಿ ಬಿಡು, ಬಣ್ಣ ಬಂತು, ನಿಲ್ಲಿಸು." ಐದು ಜನ ಹದಿನೆಂಟರ ಪ್ರಾಯದವರು ಖಾಲಿ ಕೈಗಳನ್ನು ಅಲ್ಲಾಡಿಸುತ್ತಿದ್ದೆವು. ಒಶೇನ್ ಕೂಡ ನಗಲಿಲ್ಲ.

ಈಸ್ಟರ್ ರಜೆ ಪೂರ್ತಿ ನಾನು ಊಟದ ಮೇಜಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತಿದ್ದೆ. ಬಫರ್ ದ್ರಾವಣದ ಲೆಕ್ಕ, ಬೆಂಜೀನಿನ ಕ್ರಿಯೆಗಳು, ಸಮತೋಲನದ ನಿಯಮ. ಬರೆಯುವ ಪತ್ರಿಕೆಗಳ ಭಯ ನನಗಿರಲಿಲ್ಲ, ಅವನ್ನು ಮಾವ ಚೆನ್ನಾಗಿಯೇ ಕಲಿಸಿದ್ದರು. ಆದರೆ ಪುಟ ತಿರುಗಿಸಿದ ಕಡೆಯೆಲ್ಲ ಪ್ರಯೋಗದ ಪ್ರಶ್ನೆ ಎದ್ದು ಬರುತ್ತಿತ್ತು. 'ಈ ಅಂಕಿ ಉಳಿದವುಗಳಿಗಿಂತ ಯಾಕೆ ಹೆಚ್ಚಿದೆ, ಕಾರಣ ಕೊಡಿ.' ನನಗೇನು ಗೊತ್ತು? ನನ್ನ ಅಂಕಿಗಳು ಯಾವತ್ತೂ ಹೆಚ್ಚಾಗಿರಲಿಲ್ಲ.

ಎದುರಿಗೆ ಮಾವನ ಹೆಂಡತಿ ಆಂಟಿ ವಿನ್ಸಮ್ ಈರುಳ್ಳಿ ಹೂವಿನ ಕಟ್ಟು ಕಟ್ಟುತ್ತಾ ಕೂರುತ್ತಿದ್ದಳು. ಅವಳಿಗೆ ಏನೂ ಹೇಳಿರಲಿಲ್ಲ. "ಓದು ಮಗಾ, ನಿಮ್ಮ ಅಂಕಲ್ ನಿನ್ನ ಮೇಲೆ ಎಷ್ಟು ಆಸೆ ಇಟ್ಕೊಂಡಿದಾರೆ ಗೊತ್ತಾ" ಎನ್ನುತ್ತಿದ್ದಳು. ಎದ್ದು ಹೊರಗೆ ಹೋದರೆ ವರಾಂಡದಲ್ಲಿ ಮಾವ. ಹಿತ್ತಲಿಗೆ ಹೋದರೆ ಬೇಲಿಯಾಚೆ, ನಾನು ಮೆಡಿಕಲ್ ಸೇರುತ್ತೇನೆಂದು ನಂಬಿದ್ದ ನೆರೆಯವರು: "ಡಾಕ್ಟರಮ್ಮ ಗಾಳಿ ತಗೊಳ್ತಿದಾಳೆ!"

ಯಾರಿಗಾದರೂ ಹೇಳಬೇಕು ಅನ್ನಿಸಿತು. ಅಮ್ಮನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವಳು, "ಅವನ ಸೂರಿನ ಕೆಳಗಿದೀಯ ನಟೋಯಾ. ನಾನು ಇಲ್ಲಿ ಕೂತು ನಿನಗೆ ಬೇರೆ ಸೂರು ಎಲ್ಲಿಂದ ತರ್ಲಿ?" ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಇನ್ನೂ ಕಷ್ಟವಾಯಿತು.

ರಜೆಯಲ್ಲೂ ಪ್ರಿನ್ಸಿಪಾಲರು ಆಫೀಸಿಗೆ ಬರುತ್ತಿದ್ದರು. ಹೋಗಿ ಅವರ ಎದುರು ನಿಂತೆ. "ಮಿಸ್, ನಮ್ಮ ರೆಕಾರ್ಡ್ ಪುಸ್ತಕದಲ್ಲಿರೋದು" ಎನ್ನುವಷ್ಟರಲ್ಲೇ ಅವರು ಕೈ ಎತ್ತಿದರು.

"ಹಾಲ್ ಟಿಕೆಟ್ ವಿಷಯಕ್ಕೆ ಬಂದೆ ಅಲ್ವಾ?"

"ಅಲ್ಲ ಮಿಸ್."

"ಹಾಲ್ ಟಿಕೆಟ್ ಮುಂದಿನ ವಾರ ಕೊಡ್ತೀವಿ. ಹೋಗಿ ಬಾ." ಆಮೇಲೆ ಕನ್ನಡಕ ತೆಗೆದು, ದನಿ ತಗ್ಗಿಸಿ, "ಈ ಶಾಲೆಯ ಹದಿಮೂರನೇ ತರಗತಿಯನ್ನ ಮುಚ್ಚೋಕೆ ಒಂದು ಕಾರಣ ಸಿಕ್ಕಿದ್ರೆ ಸಾಕು ಅಂತ ಕಾಯೋರಿದಾರೆ. ಅರ್ಥ ಆಯ್ತಾ?" ಅಂದರು.

ಅಂದರೆ ಅವರಿಗೂ ಗೊತ್ತಿತ್ತು. ಹೊರಗೆ ಮೆಟ್ಟಿಲ ಮೇಲೆ ಶೆರೀಕಾ ಕಾಯುತ್ತಿದ್ದಳು. ಏಳನೇ ತರಗತಿಯಿಂದ ನನ್ನ ಪಕ್ಕದಲ್ಲೇ ಕೂತವಳು. ಮ್ಯಾಂಡೆವಿಲ್‌ನ ನರ್ಸಿಂಗ್ ಕಾಲೇಜಿನಲ್ಲಿ ಅವಳಿಗೆ ಸೀಟು ಇಟ್ಟಿದ್ದರು. ಕೆಮಿಸ್ಟ್ರಿಯಲ್ಲಿ ಮೂರನೇ ದರ್ಜೆ ಬಂದರೆ ಸಾಕಿತ್ತು.

"ಒಳಗೆ ಏನು ಹೇಳಿದೆ?"

"ಏನೂ ಹೇಳೋಕೆ ಬಿಡಲಿಲ್ಲ."

ಅವಳು ಲೊಚಗುಟ್ಟಿದಳು. "ಒಳ್ಳೇದಾಯ್ತು. ನೋಡು ನಟೋಯಾ, ನಿನಗೆ ಬರೆಯೋ ಪತ್ರಿಕೆಯಲ್ಲಿ ಬರುತ್ತೆ. ನನಗೆ ಬರಲ್ಲ. ಆ ರೆಕಾರ್ಡಿನ ಅಂಕ ಹೋದ್ರೆ ನನ್ನ ಸೀಟೂ ಹೋಯ್ತು. ನಿನಗೆ ಮನಸ್ಸು ಹಗುರ ಆಗ್ಲಿ ಅಂತ ನನ್ನನ್ನ ಮುಳುಗಿಸ್ಬೇಡ ಕಣೇ."

"ಇಲ್ಲ" ಅಂದೆ. ಆಣೆ ಮಾಡಿಸಿಕೊಂಡಳು. ಮಾಡಿದೆ.

ಆ ಸೋಮವಾರ ಮಿಸಸ್ ಎಲಿಸ್ಟನ್ ಬಂದರು. ಅರವತ್ತರ ಆಸುಪಾಸು, ಕುಳ್ಳಗೆ, ಚರ್ಚಿಗೆ ಹೋಗುವಂಥ ಒಳ್ಳೆಯ ಉಡುಪು, ಕಾಲಿಗೆ ಓಟಗಾರರ ಬೂಟು. ಕೈಯಲ್ಲಿ ದೊಡ್ಡ ಸೂಟ್‌ಕೇಸು. ಅದನ್ನು ಮೇಜಿನ ಮೇಲಿಟ್ಟು ತೆರೆದರು. ಟವೆಲುಗಳ ನಡುವೆ ನಾಲ್ಕು ಬ್ಯೂರೆಟ್, ಪಿಪೆಟ್‌ಗಳು, ಬಿಗಿಯಾಗಿ ಮುಚ್ಚಿದ ಬಾಟಲಿಗಳು. ಒಂದು ಶಾಲೆಯಲ್ಲಿ ಏನಿರಬಹುದು, ಏನಿಲ್ಲದಿರಬಹುದು ಎಂದು ತಿಳಿದವರ ತಯಾರಿ ಅದು.

ನಮ್ಮ ಐದು ರೆಕಾರ್ಡ್‌ಗಳನ್ನು ತಿರುವಿ ಹಾಕಿದರು. ಕೊನೆಗೆ ಒಂದನ್ನು ಎತ್ತಿ ಹಿಡಿದರು. "ಇದು ಯಾರದು? ಬಹಳ ಅಚ್ಚುಕಟ್ಟಾಗಿದೆ."

ನನ್ನದು.

"ಬಾಮ್ಮಾ. ಏಳನೇ ಪ್ರಯೋಗ ಮಾಡಿ ತೋರಿಸು. ಅವಸರ ಇಲ್ಲ."

ಮಾವ ಬಾಗಿಲ ಹತ್ತಿರ ನಿಂತಿದ್ದರು. ನಾನು ಬ್ಯೂರೆಟ್ ಎತ್ತಿಕೊಂಡೆ. ಅದು ಅಷ್ಟು ತೆಳ್ಳಗೆ, ಅಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಸ್ಟ್ಯಾಂಡಿನ ಹಿಡಿಕೆಗೆ ಸಿಕ್ಕಿಸುವುದು ಹೇಗೆಂದೇ ತಿಳಿಯಲಿಲ್ಲ, ಹಲಗೆಯ ಚಿತ್ರದಲ್ಲಿ ಸ್ಟ್ಯಾಂಡ್ ಇರಲಿಲ್ಲ. ಆಸಿಡ್ ಸುರಿದೆ, ಆಲಿಕೆಯನ್ನು ಮೇಲೆಯೇ ಬಿಟ್ಟೆ. ನಲ್ಲಿಯ ಕೆಳಗೆ ಗಾಳಿಗುಳ್ಳೆ ಕೂತಿತ್ತು, ಅದನ್ನು ತೆಗೆಯಬೇಕು ಎಂದು ಪುಸ್ತಕದಲ್ಲಿ ನಾನೇ ಬರೆದಿದ್ದೆ, ಹೇಗೆ ತೆಗೆಯುವುದು? ನಲ್ಲಿ ತಿರುಗಿಸಿದೆ. ಗಾಳಿಯಲ್ಲಿ ತಿರುಗಿಸಿದ ಹಾಗಲ್ಲ ಅದು. ಬಿಗಿಯಾಗಿತ್ತು, ಒತ್ತಿದರೆ ಒಮ್ಮೆಲೇ ಬಿಟ್ಟುಕೊಂಡಿತು. ಫ್ಲಾಸ್ಕಿನಲ್ಲಿ ಹಳದಿ ಇದ್ದದ್ದು ನೋಡುನೋಡುತ್ತಲೇ ಕೆಂಪಾಗಿ ಹೋಯಿತು. ಗುಲಾಬಿ ಛಾಯೆಯ ಕಿತ್ತಳೆ ಎಂದು ನಾನು ಆರು ಕಡೆ ಬರೆದಿದ್ದ ಬಣ್ಣ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಮಿಸಸ್ ಎಲಿಸ್ಟನ್ ನನ್ನ ಪಕ್ಕಕ್ಕೆ ಬಂದು ಆಲಿಕೆಯನ್ನು ತೆಗೆದಿಟ್ಟರು. ಮೆಲ್ಲಗೆ ಕೇಳಿದರು: "ಇದನ್ನ ಎಷ್ಟು ಸಲ ಮಾಡಿದೀಯ?"

ಉತ್ತರ ಕಲಿತಿದ್ದೆ. ಮೂರು ಸಲ ಮಿಸ್, ಪಕ್ಕದ ಶಾಲೆಯ ಸಾಮಾನಿನಲ್ಲಿ. ಶೆರೀಕಾ ನನ್ನನ್ನೇ ನೋಡುತ್ತಿದ್ದಳು. ಮಾವ ನೆಲ ನೋಡುತ್ತಿದ್ದರು. ಆ ವಾಕ್ಯ ಬಾಯಿಯವರೆಗೆ ಬಂತು. ಆದರೆ ಆ ಫ್ಲಾಸ್ಕಿನ ಮುಂದೆ ನಿಂತು, ಅದನ್ನು ಕೈಯಲ್ಲೇ ಹಿಡಿದುಕೊಂಡು, ಹೇಗೆ ಹೇಳಲಿ? ಧೈರ್ಯ ಬಂದು ನಾನು ನಿಜ ಹೇಳಿದೆ ಅಂತ ಆಮೇಲೆ ಕೆಲವರು ಹೊಗಳಿದರು. ಹಾಗೇನಿಲ್ಲ. ಸುಳ್ಳಿಗೆ ಅಲ್ಲಿ ಜಾಗ ಉಳಿದಿರಲಿಲ್ಲ, ಅಷ್ಟೇ.

"ಇದೇ ಮೊದಲು, ಮಿಸ್."

"ಉಳಿದವು?"

"ಯಾವುದೂ ಮಾಡಿಲ್ಲ."

ಹೊರಗೆ ಹೊಲಕ್ಕೆ ನೀರು ಹೊತ್ತ ಲಾರಿಯೊಂದು ಏರು ಹತ್ತುವ ಸದ್ದು ಕೇಳುತ್ತಿತ್ತು. ಮಾವ ಒಳಗೆ ಬಂದರು. "ಅವಳು ಹೇಳಿದ್ದು ನಿಜ. ಅಂಕಿಗಳೆಲ್ಲ ನನ್ನವು. ಮಕ್ಕಳು ನಾನು ಹೇಳಿದ್ದನ್ನ ಬರ್ಕೊಂಡ್ರು" ಅಂದರು. ತಮ್ಮ ಕನ್ನಡಕದ ಡಬ್ಬಿ ಎತ್ತಿಕೊಂಡು ಹೊರಗೆ ಹೋದರು.

ಶೆರೀಕಾ ಅಳಲಿಲ್ಲ. ಪುಸ್ತಕಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕಿಕೊಂಡು, ನನ್ನ ಜಾಗದ ಪಕ್ಕದಿಂದ ಎದ್ದು ಕಿಟಕಿಯ ಹತ್ತಿರದ ಬೆಂಚಿಗೆ ಹೋಗಿ ಕೂತಳು.

ಮೂರು ಗಂಟೆಗೆ ಬೆಲ್ ಹೊಡೆಯಿತು. ಎಲ್ಲರೂ ಹೋದರು. ಮಾವ ಕಾರಿನಲ್ಲಿ ಕೂತಿದ್ದರು, ಕಿಟಕಿಯ ಗಾಜು ಏರಿಸಿಕೊಂಡು, ಆ ಬಿಸಿಲಿನಲ್ಲಿ. ನಾನು ಎಲ್ಲಿಗೆ ಹೋಗಲಿ? ಬೇರೆ ಮನೆ ಇರಲಿಲ್ಲ. ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ಆರು ಮೈಲಿ ದಾರಿ. ಅವರು ಆಡಿದ್ದು ಒಂದೇ ಮಾತು: "ಸೀಟ್ ಬೆಲ್ಟ್ ಹಾಕ್ಕೋ."

ಮನೆಯಲ್ಲಿ ಅವರೇ ಆಂಟಿ ವಿನ್ಸಮ್‌ಗೆ ಎಲ್ಲ ಹೇಳಿದರು. ಅವಳು ಕೇಳಿ ಮುಗಿಸಿ ನನ್ನ ಕಡೆ ತಿರುಗಿ, "ಮನೇಲಿ ನನ್ನ ಹತ್ರ ಹೇಳೋಕೆ ಆಗ್ಲಿಲ್ವಾ ನಿನಗೆ? ಹೊರಗಿನ ಹೆಂಗಸಿನ ಮುಂದೆ ಹೇಳ್ಬೇಕಿತ್ತಾ?" ಅಂದಳು. ಆಮೇಲೆ ಸುಮಾರು ಒಂದು ತಿಂಗಳು ನನ್ನ ತಟ್ಟೆ ಮೇಜಿನ ಮೇಲೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮರಗೆಣಸಿನ ರೊಟ್ಟಿ, ಹುರಿದ ಮೀನು ಎಲ್ಲ ಮೊದಲಿನಷ್ಟೇ ಇರುತ್ತಿತ್ತು. ಅವಳು ಒಂದು ತುತ್ತನ್ನೂ ಕಡಿಮೆ ಮಾಡಲಿಲ್ಲ.

ಮಿಸಸ್ ಎಲಿಸ್ಟನ್ ಅಂದೇ ಹೊರಟುಹೋಗುತ್ತಾರೆ ಎಂದುಕೊಂಡಿದ್ದೆವು. ಮಂಗಳವಾರ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆರೆದೇ ಇತ್ತು. ಅವರು ತೋಳು ಮಡಚಿಕೊಂಡು ಬಾಟಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು.

"ಬರೆದಿದ್ದೆಲ್ಲ ರದ್ದು" ಅಂದರು. "ಆದ್ರೆ ನಾನು ಶುಕ್ರವಾರದವರೆಗೆ ಇಲ್ಲಿದೀನಿ. ನನ್ನ ಎದುರಿಗೆ ಏನು ಮಾಡ್ತೀರೋ ಅದಕ್ಕೆ ಅಂಕ ಕೊಡ್ತೀನಿ. ಯಾಕೆ ನಿಂತಿದೀರಿ? ಕೈ ತೊಳ್ಕೊಂಡು ಬನ್ನಿ."

ನಾಲ್ಕು ದಿನ, ಬೆಳಿಗ್ಗೆ ಏಳೂವರೆಯಿಂದ ಸಂಜೆ ಐದರವರೆಗೆ ಆ ತಗಡಿನ ಕೆಳಗೆ ಬೆಂದೆವು. ಒಶೇನ್ ಎರಡು ಪಿಪೆಟ್ ಒಡೆದ. ನನ್ನ ಅಂಕಿಗಳು 23.90, 25.10, 24.35 ಹೀಗೆ ಬಂದವು. ಒಂದಕ್ಕೊಂದು ಸಂಬಂಧವೇ ಇಲ್ಲ. "ಇದು ನಿನ್ನ ಕೈಬರಹ" ಅಂದರು ಮಿಸಸ್ ಎಲಿಸ್ಟನ್, "ಇನ್ನೊಂದು ಸಲ ಮಾಡು."

ಪ್ರಿನ್ಸಿಪಾಲರು ಮಾವನಿಗೆ ಲ್ಯಾಬಿನ ಕಡೆ ಬರಬೇಡಿ ಎಂದಿದ್ದರು. ಬುಧವಾರ ಮಧ್ಯಾಹ್ನ ಮಿಸಸ್ ಎಲಿಸ್ಟನ್ ತಾವೇ ಸ್ಟಾಫ್ ರೂಮಿಗೆ ಹೋಗಿ ಅವರನ್ನು ಕರೆತಂದರು. "ಗಾಜು ತೊಳೆಯೋಕೆ ಒಬ್ಬರು ಬೇಕು" ಅಂದರು. ಮಾವ ಕೋಟು ತೆಗೆದು, ತೋಳು ಮಡಚಿ, ತೊಟ್ಟಿಯ ಮುಂದೆ ನಿಂತರು. ಗಂಟೆಗಟ್ಟಲೆ ತೊಳೆದರು. ಬಿಡುವಿನಲ್ಲಿ ಆಕೆ ಒಂದು ಪಿಪೆಟ್ ಅವರ ಮುಂದೆ ಹಿಡಿದರು.

"ಬೇಡ ಮೇಡಂ" ಅಂದರು ಮಾವ. "ಹನ್ನೊಂದು ವರ್ಷ ಇದರ ಬಗ್ಗೆ ಪಾಠ ಮಾಡಿದೀನಿ. ಹಿಡಿದಿಲ್ಲ. ಬೆಂಟ್ ಹಿಡೀತಿದ್ರು."

"ಯಾರಿಗೂ ಹೇಳ್ಲಿಲ್ವಾ?"

"ಮೊದಲನೇ ವರ್ಷ ಹೇಳ್ಬೇಕಿತ್ತು. ಆಮೇಲೆ ಹೇಳೋ ಹಾಗೇ ಇರ್ಲಿಲ್ಲ."

ಆ ಮಾತು ಕೇಳಿ ನನ್ನ ಕೈ ನಿಂತಿತು. ನಾನು ಮೂರು ವಾರ ಸಿಕ್ಕಿಬಿದ್ದಿದ್ದ ಜಾಗದಲ್ಲಿ ಅವರು ಹನ್ನೊಂದು ವರ್ಷದಿಂದ ನಿಂತಿದ್ದರು.

"ಹಾಗಿದ್ರೆ ಈಗ ಹಿಡೀರಿ" ಅಂದರು ಮಿಸಸ್ ಎಲಿಸ್ಟನ್. ಮಾವ ಹಿಡಿದರು. ಅವರ ಮೊದಲ ಫ್ಲಾಸ್ಕೂ ಕೆಂಪಾಗಿಯೇ ಹೋಯಿತು. ಮೂರು ಸಲ ಮಾಡಿ, ಅಂಕಿಗಳನ್ನು ಕಾಗದದ ಮೇಲೆ ಬರೆದು ನೋಡಿ, ಯಾರನ್ನೂ ನೋಡದೆ ಹೇಳಿದರು: "ಸರಾಸರಿ ತೆಗೆಯೋದೊಂದೇ ನನ್ನ ಕೈಲಿ ಚೆನ್ನಾಗಿ ಬರೋದು."

ಶುಕ್ರವಾರದ ಹೊತ್ತಿಗೆ ಹದಿನೆಂಟರಲ್ಲಿ ಆರು ಮುಗಿದಿದ್ದವು. ಮೇ ತಿಂಗಳಲ್ಲಿ ಪತ್ರಿಕೆಗಳನ್ನು ಬರೆದೆವು. ಹೆಚ್ಚು ಬಂದ ಅಂಕಿಗೆ ಕಾರಣ ಕೇಳುವ ಪ್ರಶ್ನೆ ಆ ವರ್ಷವೂ ಇತ್ತು. ಕಾರಣ ನನಗೆ ಗೊತ್ತಿತ್ತು, ಬರೆದೆ.

ಆಗಸ್ಟಿನಲ್ಲಿ ಫಲಿತಾಂಶ ಬಂತು. ನನಗೆ ಮೂರನೇ ದರ್ಜೆ. ಮೆಡಿಕಲ್ ಮಾತು ಅಲ್ಲಿಗೆ ಮುಗಿಯಿತು. ಒಶೇನ್ ಫೇಲಾಗಿ ಅಪ್ಪನ ಕಲ್ಲಂಗಡಿ ಹೊಲಕ್ಕೆ ಹೋದ, ಅಲ್ಲೇ ಸುಖವಾಗಿದ್ದಾನೆ. ಶೆರೀಕಾಗೆ ಐದನೇ ದರ್ಜೆ, ನರ್ಸಿಂಗ್ ಸೀಟು ಬೇರೆಯವರಿಗೆ ಹೋಯಿತು. ವಿಚಾರಣೆ ನಡೆದು ಮಾವನನ್ನು ಜಂಕ್ಷನ್ ಎಂಬ ಊರಿನ ಹತ್ತಿರದ ಒಂದು ಸಣ್ಣ ಶಾಲೆಗೆ ಹಾಕಿದರು, ಏಳನೇ ತರಗತಿಯ ಗಣಿತಕ್ಕೆ. ಸಂಬಳ ಕಡಿಮೆಯಾಯಿತು, ಬೆನ್ನ ಹಿಂದೆ ಮಾತು ಹೆಚ್ಚಾಯಿತು. ಸೆಪ್ಟೆಂಬರಿನಲ್ಲಿ ನಮ್ಮ ಲ್ಯಾಬಿಗೆ ಸಾಮಾನು ತುಂಬಿದ ಹನ್ನೆರಡು ಪೆಟ್ಟಿಗೆ ಬಂದವು.

ನಾನು ಇನ್ನೂ ಒಂದು ವರ್ಷ ಆ ಮನೆಯಲ್ಲೇ ಇದ್ದೆ. ಪರೀಕ್ಷೆ ಮತ್ತೆ ಬರೆದು ಎರಡನೇ ದರ್ಜೆ ತೆಗೆದುಕೊಂಡು, ಮ್ಯಾಂಡೆವಿಲ್‌ನಲ್ಲಿ ಆಸ್ಪತ್ರೆ ಲ್ಯಾಬಿನ ಕೋರ್ಸ್ ಸೇರಿದೆ. ಮಾವನೂ ನಾನೂ ಆ ಸೋಮವಾರದ ಬಗ್ಗೆ ಯಾವತ್ತೂ ಮಾತಾಡಿಲ್ಲ.

ಹೋದ ಫೆಬ್ರುವರಿಯಲ್ಲಿ ಊರಿಗೆ ಬರುವಾಗ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ನಾಲ್ವರ ನಡುವೆ ಒತ್ತಿಕೊಂಡು ಕೂತಿದ್ದೆ. ಸಾಂಟಾ ಕ್ರೂಜ್‌ನಲ್ಲಿ ಒಬ್ಬ ಇಳಿದ, ಶೆರೀಕಾ ಹತ್ತಿದಳು. ಔಷಧಿ ಅಂಗಡಿಯ ಸಮವಸ್ತ್ರ ಹಾಕಿದ್ದಳು. ನನ್ನನ್ನು ನೋಡಿದಳು, ಇಳಿದುಹೋಗಲು ಆಗಲಿಲ್ಲ, ಬೇರೆ ಜಾಗವಿರಲಿಲ್ಲ. ತೊಡೆಗೆ ತೊಡೆ ತಾಗಿಸಿಕೊಂಡು ಕೂತಳು. ಎರಡು ತಿರುವು ದಾಟಿದ ಮೇಲೆ ನಾನೇ ಬಾಯಿ ಬಿಟ್ಟೆ.

"ನಾನು ಸುಮ್ನಿದ್ರೂ ಆ ಮಿಸ್ಸಿಗೆ ಗೊತ್ತಾಗ್ತಿತ್ತು ಕಣೇ."

"ಗೊತ್ತಾಗ್ತಿತ್ತು" ಅಂದಳು, ಕಿಟಕಿಯ ಕಡೆ ನೋಡುತ್ತಾ. "ಆದ್ರೆ ನೀನು ಹೇಳಿದ್ದು ಅಂತ ಆಗ್ತಿರ್ಲಿಲ್ಲ. ನೀನು ಆಣೆ ಮಾಡಿದ್ದೆ."

ನಾನು ನನ್ನ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಅವಳಿಗೆ ಇನ್ನಷ್ಟು ಜಾಗ ಮಾಡಿಕೊಟ್ಟೆ.

ಮುಂದಿನ ತಿರುವಿನಲ್ಲಿ ಅವಳೇ ಹೇಳಿದಳು: "ಮೇ ತಿಂಗಳಲ್ಲಿ ಕೆಮಿಸ್ಟ್ರಿ ಮೂರನೇ ಸಲ ಬರೀತಿದೀನಿ. ಈ ದರಿದ್ರ ಬಫರ್ ಲೆಕ್ಕ ಇನ್ನೂ ತಲೆಗೆ ಹತ್ತಲ್ಲ."

"ಅಂಕಲ್ ರಾಯ್ ಶನಿವಾರ ಮನೇಲೇ ಇರ್ತಾರೆ."

ಅವಳು ಲೊಚಗುಟ್ಟಿ, ಡ್ರೈವರಿಗೆ ನಿಲ್ಲಿಸಲು ಹೇಳಿ, ಇಳಿದು ಹೋದಳು. ಆ ಶನಿವಾರ ಬರಲಿಲ್ಲ. ಮುಂದಿನ ಶನಿವಾರ ಬಂದಳಂತೆ. ನಾನು ಮ್ಯಾಂಡೆವಿಲ್‌ನಲ್ಲಿದ್ದೆ, ಆಂಟಿ ವಿನ್ಸಮ್ ಫೋನಿನಲ್ಲಿ ಹೇಳಿದಳು. ಗೇಟಿನ ಹೊರಗೆ ತುಂಬಾ ಹೊತ್ತು ನಿಂತಿದ್ದಳಂತೆ. ಮಾವ ವರಾಂಡದಿಂದ ನೋಡಿ, ಎದ್ದು ಹೋಗಿ, ಒಳಗಿನಿಂದ ಒಂದು ಕುರ್ಚಿ ತಂದು ಮೇಜಿನ ಇನ್ನೊಂದು ಕಡೆ ಹಾಕಿದರಂತೆ. "ಮಾತು ಏನೂ ಕೇಳಿಸ್ಲಿಲ್ಲಪ್ಪ" ಅಂದಳು ಆಂಟಿ, "ಪೆನ್ಸಿಲ್ ಸದ್ದು ಮಾತ್ರ ಕೇಳಿಸ್ತಿತ್ತು. ಮಧ್ಯಾಹ್ನ ಊಟಕ್ಕೆ ಇರು ಅಂದೆ. ಇರ್ಲಿಲ್ಲ. ಆದ್ರೆ ಪುಸ್ತಕ ಇಲ್ಲೇ ಬಿಟ್ಟು ಹೋಗಿದಾಳೆ."